ಅಂಕಣದ ತಲೆಬರಹವೆಂಬ ಆಧಾರ: ಮಂಡ್ಯ ಸೀಮೆಯ ಕಬ್ಬಿನ ಅಂಕಿ ಅಂಶಗಳನ್ನು ಓದುವ ಕ್ರಮ

೧. ಸಮಸ್ಯೆಯ ಸ್ವರೂಪ

ಶಾಸನವೊಂದರಲ್ಲಿ 'ಖಂಡುಗ' ಎಂಬ ಮಾತು ಬಂದಾಗ ಚರಿತ್ರೆಯ ವಿದ್ಯಾರ್ಥಿ ಅಲ್ಲಿಯೇ ನಿಲ್ಲುತ್ತಾನೆ. ಇದು ಇಪ್ಪತ್ತು ಕೊಳಗದ ಧಾನ್ಯದ ಅಳತೆಯೋ, ಅಷ್ಟು ಬೀಜ ಹಿಡಿಯುವ ಭೂಮಿಯ ಅಳತೆಯೋ, ಭೂಮಿಯದಾದರೆ ಗದ್ದೆಯ ಖಂಡುಗವೋ ಹೊಲದ ಖಂಡುಗವೋ ಎಂಬುದನ್ನು ವಿಚಾರಿಸಿದ ಹೊರತು ಮುಂದಕ್ಕೆ ಹೋಗುವುದಿಲ್ಲ. ಬತ್ತವನ್ನು ಒತ್ತಾಗಿಯೂ ರಾಗಿಯನ್ನು ತೆಳುವಾಗಿಯೂ ಬಿತ್ತುವುದರಿಂದ ಒಂದೇ ಹೆಸರಿನ ಎರಡು ಖಂಡುಗಗಳ ವಿಸ್ತಾರಗಳಲ್ಲಿ ಹಲವು ಪಟ್ಟು ಅಂತರವುಂಟೆಂದು ಅವನಿಗೆ ಗೊತ್ತು. ಆದರೆ ಅದೇ ವಿದ್ಯಾರ್ಥಿ ಇಪ್ಪತ್ತನೆಯ ಶತಮಾನದ ಆರ್ಥಿಕ ಚರಿತ್ರೆಯನ್ನು ಕೈಗೆತ್ತಿಕೊಂಡು, ಮುದ್ರಿತವಾದ ಸರ್ಕಾರೀ ಕೋಷ್ಟಕವೊಂದನ್ನು ತೆರೆದಾಗ ಈ ಎಚ್ಚರವನ್ನು ಮರೆತುಬಿಡುವುದುಂಟು. 'ಕಬ್ಬು, ಟನ್ನುಗಳಲ್ಲಿ' ಎಂದು ತಲೆಬರಹವಿದ್ದರೆ ಅದರ ಕೆಳಗಿನ ಅಂಕಿಗಳನ್ನು ಹಾಗೆಯೇ ಬರೆದುಕೊಂಡು, ವರ್ಷಕ್ಕೆ ವರ್ಷವನ್ನು ಹೋಲಿಸಿ, ಏರಿಳಿತಗಳಿಗೆ ಕಾರಣಗಳನ್ನು ಹುಡುಕತೊಡಗುತ್ತಾನೆ. ಶಾಸನದ ಮಾತಿಗೆ ಅರ್ಥ ಬೇಕು, ಅಂಕಿಗೆ ಮಾತ್ರ ಅರ್ಥ ತಾನಾಗಿಯೇ ಇದೆ ಎಂಬ ಭಾವನೆಯೇ ಇದಕ್ಕೆ ಕಾರಣ.

ವಸ್ತುತಃ ಅಂಕಿ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾವ ವಸ್ತುವಿನ, ಯಾವ ಪ್ರದೇಶದ, ಯಾವ ಅವಧಿಯ, ಯಾವ ಮಾನದಲ್ಲಿನ ಅಂಕಿ ಎಂಬುದನ್ನು ತಿಳಿಸುವುದು ಅಂಕಣದ ತಲೆಬರಹ. ಆ ತಲೆಬರಹವೋ ಸ್ಥಳಾಭಾವದಿಂದ ಎರಡು ಮೂರು ಮಾತುಗಳಿಗೆ ಸಂಕೋಚಗೊಂಡಿರುತ್ತದೆ. ಕೋಷ್ಟಕವನ್ನು ಸಿದ್ಧಪಡಿಸಿದ ಗುಮಾಸ್ತನಿಗೂ ಆ ಕಾಲದ ಅಧಿಕಾರಿಗಳಿಗೂ ಅಷ್ಟೇ ಸಾಕಾಗಿತ್ತು. ಉಳಿದುದು ಅವರಿಗೆ ತಿಳಿದಿತ್ತು. ಐವತ್ತು ವರ್ಷಗಳ ಅನಂತರ ಓದುವ ನಮಗೆ ಆ ಉಳಿದುದೇ ತಿಳಿಯಬೇಕಾದ ವಿಷಯ. ಕಾಲಾನುಕ್ರಮದ ಅಂಕಿಶ್ರೇಣಿಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಏಕೆಂದರೆ ತಲೆಬರಹ ಬದಲಾಗದೆ ಅದರ ಅರ್ಥ ಮಾತ್ರ ಶ್ರೇಣಿಯ ನಡುವೆ ಬದಲಾಗಬಹುದು. ಅರ್ಥ ಬದಲಾಗದೆ ತಲೆಬರಹ ಮಾತ್ರ ಬದಲಾಗಲೂಬಹುದು.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಆರ್ಥಿಕ ಜೀವನಕ್ಕೆ ಕಬ್ಬೇ ಆಧಾರವಾಗಿರುವುದರಿಂದ, ಈ ಸೀಮೆಯ ವಿದ್ಯಾರ್ಥಿಗಳು ಸಂಶೋಧನೆಗೆ ತೊಡಗಿದಾಗ ಮೊದಲು ಎದುರಾಗುವುದು ಕಬ್ಬಿನ ಅಂಕಿಗಳೇ. ಆದುದರಿಂದ ಆ ಅಂಕಿಗಳನ್ನೇ ಉದಾಹರಣೆಯಾಗಿ ಹಿಡಿದು, ಸಂದಿಗ್ಧವಾದ ತಲೆಬರಹಗಳನ್ನು ಬಿಡಿಸುವ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

೨. ವಸ್ತು ಯಾವುದು?

ಮೊದಲನೆಯ ಪ್ರಶ್ನೆ ವಸ್ತುವಿಗೆ ಸಂಬಂಧಿಸಿದುದು. ಕಬ್ಬೆಂದರೆ ಕಬ್ಬೇ ಅಲ್ಲವೆ ಎಂದು ತೋರಬಹುದು. ಆದರೆ ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳ ಅಖಿಲ ಭಾರತ ಬೆಳೆ ಕೋಷ್ಟಕಗಳಲ್ಲಿ ಕಬ್ಬಿನ ಉತ್ಪನ್ನವನ್ನು ಬೆಲ್ಲದ ರೂಪಕ್ಕೆ ಪರಿವರ್ತಿಸಿ ಕೊಡುವ ಪದ್ಧತಿಯಿತ್ತು. ಬೆಳೆದ ಕಬ್ಬನ್ನೆಲ್ಲ ಬೆಲ್ಲ ಮಾಡಿದ್ದರೆ ಎಷ್ಟಾಗುತ್ತಿತ್ತು ಎಂಬುದು ಅದರ ತಾತ್ಪರ್ಯ. ಸುಮಾರು ಹತ್ತು ಟನ್ ಕಬ್ಬಿಗೆ ಒಂದು ಟನ್ ಬೆಲ್ಲವೆಂದು ಸ್ಥೂಲವಾಗಿ ಹಿಡಿಯಬಹುದು. ಅನಂತರದ ಕೋಷ್ಟಕಗಳಲ್ಲಿ ಕಬ್ಬಿನ ತೂಕವನ್ನೇ ಕೊಡುವುದು ರೂಢಿಯಾಯಿತು. ಎರಡು ಕಡೆಯೂ ತಲೆಬರಹ 'ಕಬ್ಬು' ಎಂದೇ ಇದ್ದು, ಬೆಲ್ಲದ ಮಾತು ಅಡಿಟಿಪ್ಪಣಿಯಲ್ಲಿ ಮಾತ್ರ ಇದ್ದರೆ, ಎರಡನ್ನೂ ಜೋಡಿಸಿದವನ ಶ್ರೇಣಿಯಲ್ಲಿ ಉತ್ಪನ್ನ ಒಂದೇ ವರ್ಷದಲ್ಲಿ ಹತ್ತು ಪಟ್ಟು ಹೆಚ್ಚಿದಂತೆ ಕಾಣುತ್ತದೆ. ಇಷ್ಟು ದೊಡ್ಡ ಜಿಗಿತ ಕಣ್ಣಿಗೆ ಬೀಳುವುದರಿಂದ ಅದೇ ಒಂದು ರಕ್ಷಣೆ. ಅಪಾಯವಿರುವುದು ಚಿಕ್ಕ ಜಿಗಿತಗಳಲ್ಲಿ.

ಉದಾಹರಣೆಗೆ 'ಸಕ್ಕರೆ' ಎಂಬ ಅಂಕಣವನ್ನು ನೋಡೋಣ. ಅಂತರರಾಷ್ಟ್ರೀಯ ಕೋಷ್ಟಕಗಳಲ್ಲಿ ಸಕ್ಕರೆಯನ್ನು ಕಚ್ಚಾ ಸಕ್ಕರೆಯ ಲೆಕ್ಕಕ್ಕೆ ತಿರುಗಿಸಿ ಕೊಡುವುದುಂಟು. ಭಾರತದ ಕಾರ್ಖಾನೆಗಳ ಲೆಕ್ಕ ಬಿಳಿ ಸಕ್ಕರೆಯದು. ಬಿಳಿ ಸಕ್ಕರೆಯ ತೂಕವನ್ನು ೧.೦೮೭ರಿಂದ ಗುಣಿಸಿದರೆ ಕಚ್ಚಾ ಸಕ್ಕರೆಯ ಲೆಕ್ಕ ಬರುತ್ತದೆ. ಅಂದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ವ್ಯತ್ಯಾಸ. ಒಳ್ಳೆಯ ಮಳೆಯ ಫಲವೆಂದೋ ಹೊಸ ತಳಿಯ ಫಲವೆಂದೋ ವಿವರಿಸಿಬಿಡಬಹುದಾದಷ್ಟು ಸಹಜವಾದ ವ್ಯತ್ಯಾಸ. ಇನ್ನೂ ಈಚಿನ ತೊಡಕೊಂದಿದೆ. ೨೦೧೮ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ತರುವಾಯ ಕಬ್ಬಿನ ರಸವನ್ನೂ ಸಕ್ಕರೆಯ ಅಂಶ ಹೆಚ್ಚಾಗಿರುವ ಕಾಕಂಬಿಯನ್ನೂ ಎಥನಾಲಿಗೆ ತಿರುಗಿಸುವುದು ಬೆಳೆದಿದೆ. ಹೀಗೆ ತಿರುಗಿಸಿದುದನ್ನು ಕಳೆದು ಕೊಟ್ಟ ಸಕ್ಕರೆಯ ಅಂಕಿಗೂ ಕಳೆಯದೆ ಕೊಟ್ಟ ಅಂಕಿಗೂ ತಲೆಬರಹ ಒಂದೇ ಆಗಿದ್ದರೆ, ಕಬ್ಬಿನ ಗುಣವೇ ಕೆಟ್ಟಿತೆಂದು ಓದುಗ ತಿಳಿಯುವ ಸಂಭವವಿದೆ.

ನಮ್ಮ ಭಾಷೆಯಲ್ಲಿಯೇ ಇರುವ ಸಂದಿಗ್ಧತೆಯೊಂದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಅದು 'ಇಳುವರಿ' ಎಂಬ ಪದ. ರೈತನ ಮಾತಿನಲ್ಲಿ ಇಳುವರಿಯೆಂದರೆ ಎಕರೆಗೆ ಬಂದ ಕಬ್ಬಿನ ತೂಕ. ಕಾರ್ಖಾನೆಯ ಮಾತಿನಲ್ಲಿ ಇಳುವರಿಯೆಂದರೆ ಅರೆದ ಕಬ್ಬಿನಿಂದ ನೂರಕ್ಕೆ ಎಷ್ಟು ಪಾಲು ಸಕ್ಕರೆ ದೊರೆಯಿತೆಂಬುದು. ಇವೆರಡೂ ಒಂದೇ ದಿಕ್ಕಿನಲ್ಲಿ ಚಲಿಸಬೇಕೆಂಬ ನಿಯಮವಿಲ್ಲ. ಎಕರೆಗೆ ಹೆಚ್ಚು ತೂಗುವ ಕಬ್ಬಿನಲ್ಲಿ ಸಕ್ಕರೆಯ ಅಂಶ ಕಡಮೆಯಿರಬಹುದು. 'ಈ ವರ್ಷ ಇಳುವರಿ ಕುಸಿಯಿತು' ಎಂಬ ಒಂದು ವಾಕ್ಯವನ್ನು ಆಧಾರವಾಗಿ ತೆಗೆದುಕೊಳ್ಳುವ ಮುನ್ನ ಅದು ಹೊಲದ ಮಾತೋ ಕಾರ್ಖಾನೆಯ ಮಾತೋ ಎಂದು ನಿಶ್ಚಯಿಸುವುದು ಅವಶ್ಯಕ. ಅಂಕಿ ೪೦ ಇದ್ದರೆ ಅದು ಎಕರೆಗೆ ಟನ್ನು, ೯.೫ ಎಂದಿದ್ದರೆ ಅದು ನೂರರ ಪಾಲು. ಇಲ್ಲಿ ಅಂಕಿಯ ಗಾತ್ರವೇ ತಲೆಬರಹಕ್ಕೆ ವ್ಯಾಖ್ಯಾನವಾಗುತ್ತದೆ.

ಹಾಗೆಯೇ 'ಅರೆದ ಕಬ್ಬು' ಬೇರೆ, 'ಬೆಳೆದ ಕಬ್ಬು' ಬೇರೆ. ಮಂಡ್ಯ ಸೀಮೆಯಲ್ಲಿ ಬೆಳೆದ ಕಬ್ಬಿನಲ್ಲಿ ಒಂದು ಪಾಲು ಆಲೆಮನೆಗಳಿಗೂ ಒಂದು ಪಾಲು ಬಿತ್ತನೆಯ ತುಂಡುಗಳಿಗೂ ಹೋಗುತ್ತದೆ. ಬೆಲ್ಲಕ್ಕೆ ಬೆಲೆ ಬಂದ ವರ್ಷ ಕಬ್ಬು ಆಲೆಮನೆಯ ಕಡೆಗೆ ಹರಿದು, ಕಾರ್ಖಾನೆಯ ಅರೆತ ಕುಗ್ಗುತ್ತದೆ; ಬೆಳೆಯೇನೋ ಕುಗ್ಗಿರುವುದಿಲ್ಲ. ಕಾರ್ಖಾನೆಯೇ ನಿಂತಿದ್ದರೆ ಕಬ್ಬು ನೆರೆಯ ಕಾರ್ಖಾನೆಗಳ ಲೆಕ್ಕಕ್ಕೆ ಸೇರುತ್ತದೆ. ೧೯೩೩ರಲ್ಲಿ ಸ್ಥಾಪಿತವಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಕೆಲವು ಹಂಗಾಮುಗಳ ಕಾಲ ನಿಂತಿದ್ದು ೨೦೨೨ರಲ್ಲಿ ಮತ್ತೆ ಅರೆಯತೊಡಗಿತು. ಆ ಕಾರ್ಖಾನೆಯೊಂದರ ಅಂಕಿಯನ್ನೇ ಮಂಡ್ಯ ತಾಲ್ಲೂಕಿನ ಬೆಳೆಯ ಅಂಕಿಯೆಂದು ಹಿಡಿದವನಿಗೆ ಆ ವರ್ಷಗಳಲ್ಲಿ ತಾಲ್ಲೂಕಿನಲ್ಲಿ ಕಬ್ಬೇ ಇರಲಿಲ್ಲವೆಂದು ತೋರುತ್ತದೆ.

೩. ಮಾನ ಯಾವುದು?

ಎರಡನೆಯ ಪ್ರಶ್ನೆ ಅಳತೆ ತೂಕಗಳದು. 'ಮಣ' ಎಂಬ ತಲೆಬರಹದ ಕೆಳಗೆ ಬೆಲ್ಲದ ಧಾರಣೆ ಇದೆಯೆನ್ನೋಣ. ರೈಲ್ವೆ ಇಲಾಖೆಯೂ ಅಖಿಲ ಭಾರತ ಕೋಷ್ಟಕಗಳೂ ಬಳಸುತ್ತಿದ್ದ ಮಣ ೮೨ ಪೌಂಡುಗಳಿಗೆ ತುಸು ಹೆಚ್ಚು, ಎಂದರೆ ಸುಮಾರು ೩೭.೩ ಕಿಲೋಗ್ರಾಂ. ಮದರಾಸು ಮಣ ೨೫ ಪೌಂಡು, ಎಂದರೆ ಸುಮಾರು ೧೧.೩ ಕಿಲೋಗ್ರಾಂ. ಒಂದು ಮತ್ತೊಂದರ ಮೂರು ಪಟ್ಟಿಗೂ ಮಿಗಿಲು. ಉತ್ತರದ ಪೇಟೆಯ ಧಾರಣೆಯನ್ನೂ ದಕ್ಷಿಣದ ಪೇಟೆಯ ಧಾರಣೆಯನ್ನೂ ಮಣದ ಲೆಕ್ಕದಲ್ಲಿ ನೇರವಾಗಿ ಹೋಲಿಸಿದರೆ ದಕ್ಷಿಣದ ರೈತ ತನ್ನ ಬೆಲ್ಲವನ್ನು ಮೂರನೆಯ ಒಂದು ಬೆಲೆಗೆ ಮಾರಿಕೊಳ್ಳುತ್ತಿದ್ದನೆಂಬ ವಿಚಿತ್ರವಾದ ತೀರ್ಮಾನ ಹುಟ್ಟುತ್ತದೆ. 'ಸೇರು' ಎಂಬುದಂತೂ ತೂಕವೂ ಹೌದು, ಅಳತೆಯೂ ಹೌದು. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಊರೂರಿನ ಸೇರು ಕೊಳಗಗಳನ್ನು ಮತ್ತೆ ಮತ್ತೆ ಗುರುತು ಹಾಕಿಕೊಂಡದ್ದು ಇದೇ ಕಾರಣದಿಂದ.

೧೯೫೬ರ ತೂಕ ಅಳತೆಗಳ ಶಾಸನದ ಮೇರೆಗೆ ೧೯೫೮ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಿತು. ಆದರೆ ಕನ್ನಡದಲ್ಲಿ ಹಳೆಯ ಟನ್ನಿಗೂ ಹೊಸ ಟನ್ನಿಗೂ ಒಂದೇ ಹೆಸರು. ಹಳೆಯದು ೨,೨೪೦ ಪೌಂಡು, ಸುಮಾರು ೧,೦೧೬ ಕಿಲೋಗ್ರಾಂ. ಹೊಸದು ೧,೦೦೦ ಕಿಲೋಗ್ರಾಂ. ವ್ಯತ್ಯಾಸ ನೂರಕ್ಕೆ ೧.೬ ಮಾತ್ರವೆಂಬುದು ನಿಜ. ಆದರೂ ವರ್ಷಕ್ಕೆ ನೂರಕ್ಕೆ ಎರಡರಂತೆ ಬೆಳವಣಿಗೆಯಾಯಿತೆಂದು ವಾದಿಸುವವನು ಆ ೧.೬ನ್ನು ಕಡೆಗಣಿಸುವಂತಿಲ್ಲ.

ಬರೆಹದ ಸಂಕೇತಗಳಿಂದಲೂ ಮೋಸ ಹೋಗಬಹುದು. ಭೂದಾಖಲೆಗಳಲ್ಲಿ '೨-೨೦' ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದುದರಿಂದ ದಶಮಾಂಶದಲ್ಲಿ ಅದು ೨.೫೦ ಎಕರೆ. ನಡುವಣ ಗೆರೆ ಚುಕ್ಕೆಯಾಗಿ ಮಾರ್ಪಟ್ಟು '೨.೨೦' ಎಂದು ಪ್ರತಿಯಾದರೆ ಓದುಗ ಹನ್ನೆರಡು ಗುಂಟೆ ಭೂಮಿಯನ್ನು ಕಳೆದುಕೊಳ್ಳುತ್ತಾನೆ. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯ ಬರುವುದಕ್ಕೆ ಮುಂಚಿನ ಲೆಕ್ಕಗಳಲ್ಲಿ '೫-೮-೦' ಎಂದರೆ ಐದು ರೂಪಾಯಿ ಎಂಟಾಣೆ. ಐದೂವರೆ ರೂಪಾಯಿಯೇ ಹೊರತು ಐದು ರೂಪಾಯಿ ಎಂಬತ್ತು ಪೈಸೆಯಲ್ಲ. ಇನ್ನು ಆಣೆಯ ಲೆಕ್ಕ ಬೆಳೆಗೂ ಇತ್ತು. ನಮ್ಮ ಹಳ್ಳಿಗಳಲ್ಲಿ ಹದಿನಾರಾಣೆ ಬೆಳೆಯೆಂದರೆ ಪೂರ್ಣ ಬೆಳೆ. ಆದರೆ ಹಳೆಯ ಬ್ರಿಟಿಷ್ ಇಂಡಿಯದ ಕೆಲವು ಪ್ರಾಂತಗಳಲ್ಲಿ ಹನ್ನೆರಡಾಣೆಯನ್ನೇ ಸಾಮಾನ್ಯ ಬೆಳೆಯೆಂದು ಎಣಿಸುತ್ತಿದ್ದರು. ಪ್ರಾಂತವನ್ನು ನೋಡದೆ 'ಹನ್ನೆರಡಾಣೆ ಬೆಳೆ' ಎಂಬುದನ್ನು ಮುಕ್ಕಾಲು ಬೆಳೆಯೆಂದು ಅರ್ಥಮಾಡಿದರೆ ಒಳ್ಳೆಯ ವರ್ಷವೇ ಅಭಾವದ ವರ್ಷವಾಗಿಬಿಡುತ್ತದೆ.

೪. ಪ್ರದೇಶ ಯಾವುದು? ವರ್ಷ ಯಾವುದು?

'ಮೈಸೂರು' ಎಂಬ ತಲೆಬರಹಕ್ಕೆ ಇರುವಷ್ಟು ಅರ್ಥಗಳು ಬೇರೆ ಯಾವ ಹೆಸರಿಗೂ ಇರಲಾರವು. ಅದು ನಗರವೂ ಹೌದು, ತಾಲ್ಲೂಕೂ ಹೌದು, ಜಿಲ್ಲೆಯೂ ಹೌದು, ಸಂಸ್ಥಾನವೂ ಹೌದು, ರಾಜ್ಯವೂ ಹೌದು. ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು ೧೯೩೯ರ ಜುಲೈ ೧ರಂದು. ಆದುದರಿಂದ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿದು ಬಂದ ೧೯೩೦ರ ದಶಕದ ಮೊದಲ ವರ್ಷಗಳ ಕಥೆಯನ್ನು 'ಮಂಡ್ಯ ಜಿಲ್ಲೆ' ಎಂಬ ಅಂಕಣದಲ್ಲಿ ಹುಡುಕಿದರೆ ದೊರೆಯುವುದಿಲ್ಲ; ಅದು ಅಂದಿನ ಮೈಸೂರು ಜಿಲ್ಲೆಯ ಅಂಕಣದಲ್ಲಿ ಅಡಗಿದೆ. ಹಾಗೆಯೇ ೧೯೩೯ರ ಅನಂತರ ಮೈಸೂರು ಜಿಲ್ಲೆಯ ಕಬ್ಬಿನ ವಿಸ್ತೀರ್ಣ ಇಳಿದುದನ್ನು ಕಂಡು ಬೆಳೆ ಕ್ಷೀಣಿಸಿತೆಂದು ಬಗೆಯುವಂತಿಲ್ಲ. ಗಡಿ ಬದಲಾಯಿತು, ಅಷ್ಟೆ. ೧೯೯೭ರಲ್ಲಿ ಚಾಮರಾಜನಗರ ಬೇರೆಯಾದಾಗ ಅದೇ ಜಿಲ್ಲೆಯ ಅಂಕಣ ಮತ್ತೊಮ್ಮೆ ಕುಗ್ಗಿತು.

ಇದಕ್ಕೆ ವಿರುದ್ಧವಾದುದು ರಾಜ್ಯದ ಅಂಕಣ. ೧೯೫೩ರಲ್ಲಿ ಬಳ್ಳಾರಿಯ ಭಾಗ ಸೇರಿ, ೧೯೫೬ರ ನವೆಂಬರ್ ೧ರಂದು ಮುಂಬಯಿ ಕರ್ಣಾಟಕ, ಹೈದರಾಬಾದು ಕರ್ಣಾಟಕ, ದಕ್ಷಿಣ ಕನ್ನಡ, ಕೊಡಗುಗಳು ಸೇರಿ 'ಮೈಸೂರು' ಎಂಬ ಅಂಕಣ ಹಿಗ್ಗಿತು. ಹೆಸರು ಬದಲಾದದ್ದು ಮಾತ್ರ ೧೯೭೩ರ ನವೆಂಬರ್ ೧ರಂದು. ಅಂದರೆ ಅರ್ಥ ಬದಲಾದ ವರ್ಷ ತಲೆಬರಹ ಬದಲಾಗಲಿಲ್ಲ. ತಲೆಬರಹ ಬದಲಾದ ವರ್ಷ ಅರ್ಥ ಬದಲಾಗಲಿಲ್ಲ. ಕಾಲಶ್ರೇಣಿಗಳ ತೊಡಕನ್ನು ವಿದ್ಯಾರ್ಥಿಗಳಿಗೆ ಬೋಧಿಸಲು ಇದಕ್ಕಿಂತ ಉಚಿತವಾದ ಉದಾಹರಣೆ ನಮಗೆ ಕಾಣದು.

ಚಿಕ್ಕ ಸ್ಥಳಗಳ ವಿಷಯದಲ್ಲಿಯೂ ಇದೇ ನಿಯಮ. ಮದ್ದೂರು ತಾಲ್ಲೂಕಿನ ಕಾಳಮುದ್ದನದೊಡ್ಡಿ, ಕೆ. ಎಂ. ದೊಡ್ಡಿ, ಭಾರತೀನಗರ ಎಂಬ ಮೂರು ಹೆಸರುಗಳೂ ಒಂದೇ ಊರಿಗೆ ಸಲ್ಲುತ್ತವೆ. ಇಲ್ಲಿಯ ಸಕ್ಕರೆ ಕಾರ್ಖಾನೆಯನ್ನು ಚಾಮುಂಡೇಶ್ವರಿ ಎಂಬ ಹೆಸರಿನಿಂದಲೂ ಕರೆಯುತ್ತಾರೆ. ಹೊರಗಿನವರು ಒಂದನ್ನೇ ಎರಡೆಂದು ಎಣಿಸುವ ಅವಕಾಶವಿದೆ. ಇರ್ವಿನ್ ನಾಲೆ ವಿಶ್ವೇಶ್ವರಯ್ಯ ನಾಲೆಯಾದದ್ದೂ ಫ್ರೆಂಚ್ ರಾಕ್ಸ್ ಪಾಂಡವಪುರವಾದದ್ದೂ ಇದೇ ವರ್ಗಕ್ಕೆ ಸೇರುತ್ತವೆ. 'ನೀರಾವರಿ ಕ್ಷೇತ್ರ' ಎಂಬ ಅಂಕಣವನ್ನೂ ಇಲ್ಲಿಯೇ ಸ್ಮರಿಸಬೇಕು. ಅದು ನಾಲೆಯ ಅಚ್ಚುಕಟ್ಟೋ, ಆ ವರ್ಷ ವಾಸ್ತವವಾಗಿ ನೀರುಂಡ ಭೂಮಿಯೋ, ಎರಡು ಬೆಳೆ ಬೆಳೆದ ಭೂಮಿಯನ್ನು ಎರಡು ಸಲ ಎಣಿಸಿದ ಒಟ್ಟು ವಿಸ್ತೀರ್ಣವೋ ಎಂಬುದನ್ನು ತಿಳಿಯದೆ ನಾಲೆಯ ಪ್ರಯೋಜನವನ್ನು ಅಳೆಯಲಾಗದು.

ಇನ್ನು ವರ್ಷ. '೧೯೩೮–೩೯' ಎಂಬ ಬರೆಹ ಮೈಸೂರು ಸಂಸ್ಥಾನದ ಆಡಳಿತ ವರದಿಯಲ್ಲಿ ಜುಲೈಯಿಂದ ಜೂನ್‌ವರೆಗಿನ ಅವಧಿ. ಬ್ರಿಟಿಷ್ ಇಂಡಿಯದ ಆಯವ್ಯಯ ಪತ್ರದಲ್ಲಿ ಏಪ್ರಿಲಿನಿಂದ ಮಾರ್ಚಿನವರೆಗಿನ ಅವಧಿ. ಇಂದಿಗೂ ಕೃಷಿ ವರ್ಷ ಜುಲೈಯಿಂದ, ಹಣಕಾಸಿನ ವರ್ಷ ಏಪ್ರಿಲಿನಿಂದ, ಸಕ್ಕರೆ ವರ್ಷ ಅಕ್ಟೋಬರಿನಿಂದ ಆರಂಭವಾಗುತ್ತವೆ. ದಕ್ಷಿಣ ಕರ್ನಾಟಕದಲ್ಲಿ ಈ ಕೊನೆಯದು ಹೆಚ್ಚು ತೊಂದರೆ ಕೊಡುತ್ತದೆ. ಇಲ್ಲಿಯ ಕಾರ್ಖಾನೆಗಳು ಜೂನ್ ಜುಲೈ ತಿಂಗಳುಗಳಲ್ಲಿಯೇ ಅರೆತ ಆರಂಭಿಸುವುದು ರೂಢಿ. ಜುಲೈಯಲ್ಲಿ ತೊಡಗಿದ ಅರೆತದಲ್ಲಿ ಸೆಪ್ಟೆಂಬರ್ ೩೦ರವರೆಗಿನ ಭಾಗ ಅಖಿಲ ಭಾರತ ಲೆಕ್ಕದಲ್ಲಿ ಹಿಂದಿನ ಸಕ್ಕರೆ ವರ್ಷದ ವಿಶೇಷ ಹಂಗಾಮಿಗೂ, ಉಳಿದ ಭಾಗ ಮುಂದಿನ ವರ್ಷಕ್ಕೂ ಸೇರುತ್ತದೆ. ರೈತನಿಗಾದರೋ ಅದೆಲ್ಲ ಒಂದೇ ಹಂಗಾಮು. ಆದುದರಿಂದ ಊರಿನ ಲೆಕ್ಕಕ್ಕೂ ದೆಹಲಿಯ ಲೆಕ್ಕಕ್ಕೂ ತಾಳೆ ಬೀಳದಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆಂದು ಒಡನೆಯೇ ಭಾವಿಸತಕ್ಕದ್ದಲ್ಲ.

೫. ಆಧಾರ ಬಿಂದು: ಬೆಲೆಯ ಅಂಕಣ

ತಲೆಬರಹದ ಸಂದಿಗ್ಧತೆ ಕೇವಲ ವಿದ್ವಾಂಸರ ತೊಡಕಲ್ಲ, ರೈತನ ಕೈಗೆ ಬರುವ ಹಣಕ್ಕೂ ಅದು ಸಂಬಂಧಿಸಿದೆ ಎಂಬುದು ಬೆಲೆಯ ಶ್ರೇಣಿಯಲ್ಲಿ ಸ್ಪಷ್ಟವಾಗುತ್ತದೆ. ೧೯೬೬ರ ಕಬ್ಬು ನಿಯಂತ್ರಣಾಜ್ಞೆಯ ಮೇರೆಗೆ ಕೇಂದ್ರ ಸರ್ಕಾರ ಪ್ರಕಟಿಸುವ ಕಬ್ಬಿನ ಬೆಲೆ ಒಂದು ನಿರ್ದಿಷ್ಟ ಸಕ್ಕರೆ ಇಳುವರಿಗೆ ಕಟ್ಟುಬಿದ್ದಿದೆ. ಆ ಮೂಲ ಇಳುವರಿಗಿಂತ ಹೆಚ್ಚಾದ ಪ್ರತಿ ೦.೧ಕ್ಕೂ ಹೆಚ್ಚಿನ ಬೆಲೆ ಸಲ್ಲುತ್ತದೆ. ಕೋಷ್ಟಕಗಳಲ್ಲಿ 'ಕಬ್ಬಿನ ಬೆಲೆ, ಕ್ವಿಂಟಾಲಿಗೆ ರೂಪಾಯಿ' ಎಂದಿಷ್ಟೇ ಇದ್ದರೂ ಮೂಲ ಇಳುವರಿ ಸ್ಥಿರವಾಗಿ ನಿಂತಿಲ್ಲ. ೨೦೦೪–೦೫ರವರೆಗೆ ಅದು ನೂರಕ್ಕೆ ೮.೫, ೨೦೦೫–೦೬ರಿಂದ ೯, ೨೦೦೯–೧೦ರಿಂದ ೯.೫, ೨೦೧೮–೧೯ರಿಂದ ೧೦, ೨೦೨೨–೨೩ರಿಂದ ೧೦.೨೫. ಅಳೆಯುವ ಕೋಲೇ ನಾಲ್ಕು ಸಲ ಬದಲಾಗಿದೆ. ೨೦೦೯–೧೦ರಲ್ಲಂತೂ ಹೆಸರೂ ಬದಲಾಗಿ, ಶಾಸನಬದ್ಧ ಕನಿಷ್ಠ ಬೆಲೆಯ ಸ್ಥಾನದಲ್ಲಿ ನ್ಯಾಯಸಮ್ಮತ ಲಾಭದಾಯಕ ಬೆಲೆ ಬಂದಿತು. ಕಾರ್ಖಾನೆಯ ಲಾಭದಲ್ಲಿ ಪಾಲು ಕೊಡುವ ಹಿಂದಿನ ಏರ್ಪಾಡು ರದ್ದಾಯಿತು.

೨೦೧೭–೧೮ರಲ್ಲಿ ಈ ಬೆಲೆ ೨೫೫ ರೂಪಾಯಿ; ೨೦೧೮–೧೯ರಲ್ಲಿ ೨೭೫ ರೂಪಾಯಿ. ಅಂಕಣವನ್ನು ಮಾತ್ರ ನೋಡಿದವನಿಗೆ ೨೦ ರೂಪಾಯಿಗಳ, ಎಂದರೆ ನೂರಕ್ಕೆ ೭.೮ರಷ್ಟು ಏರಿಕೆ ಕಾಣುತ್ತದೆ. ಆದರೆ ಮೊದಲನೆಯದು ೯.೫ ಇಳುವರಿಗೆ ಹೇಳಿದ ಬೆಲೆ, ಎರಡನೆಯದು ೧೦ ಇಳುವರಿಗೆ ಹೇಳಿದ ಬೆಲೆ. ೨೦೧೭–೧೮ರ ನಿಯಮದಂತೆಯೇ ೧೦ ಇಳುವರಿಯ ಕಬ್ಬಿಗೆ ಪ್ರತಿ ೦.೧ಕ್ಕೆ ೨.೬೮ ರೂಪಾಯಿಯಂತೆ ೧೩.೪೦ ಸೇರಿ ೨೬೮.೪೦ ರೂಪಾಯಿ ಸಲ್ಲುತ್ತಿತ್ತು. ಆದುದರಿಂದ ಸಮಾನ ಕಬ್ಬಿಗೆ ಆದ ಏರಿಕೆ ೬.೬೦ ರೂಪಾಯಿ; ನೂರಕ್ಕೆ ಸುಮಾರು ೨.೫. ಇಳುವರಿ ೯.೫ಕ್ಕಿಂತ ಮೇಲೇರದ ಕಾರ್ಖಾನೆಗಳಿಗೆ ೨೦೧೮–೧೯ರಲ್ಲಿ ನಿಗದಿಯಾದದ್ದು ೨೬೧.೨೫ ರೂಪಾಯಿ. ಅಲ್ಲಿಯ ರೈತನಿಗೆ ದೊರೆತ ಹೆಚ್ಚಳ ೬.೨೫ ರೂಪಾಯಿ.

೨೦೨೨–೨೩ರಲ್ಲಿ ಇದೇ ಪುನರಾವರ್ತನೆಯಾಯಿತು. ಹಿಂದಿನ ವರ್ಷದ ೨೯೦ ರೂಪಾಯಿ ೩೦೫ ಆಯಿತು. ಕಂಡ ಏರಿಕೆ ೧೫ ರೂಪಾಯಿ. ಹಿಂದಿನ ವರ್ಷದ ನಿಯಮದಲ್ಲಿ ೧೦.೨೫ ಇಳುವರಿಗೆ ೨೯೭.೨೫ ರೂಪಾಯಿ ಸಲ್ಲುತ್ತಿದ್ದುದರಿಂದ ನಿಜವಾದ ಏರಿಕೆ ೭.೭೫ ರೂಪಾಯಿ. ಕಡಮೆ ಇಳುವರಿಯ ಕಾರ್ಖಾನೆಗಳಲ್ಲಿ ೨೭೫.೫೦ ಇದ್ದದ್ದು ೨೮೨.೧೨೫ ಆಯಿತು, ಏರಿಕೆ ಏಳು ರೂಪಾಯಿಗೂ ಕಡಮೆ. ದಕ್ಷಿಣ ಕರ್ನಾಟಕದ ಕಾರ್ಖಾನೆಗಳ ಸಕ್ಕರೆ ಇಳುವರಿ ಉತ್ತರ ಕರ್ನಾಟಕದವುಗಳಿಗಿಂತ ಸಾಮಾನ್ಯವಾಗಿ ಕೆಳಗಿರುವುದರಿಂದ ಈ ಕಡೆಯ ಅಂಕಿಗಳೇ ನಮ್ಮ ಸೀಮೆಗೆ ಹೆಚ್ಚು ಸಂಬಂಧಪಟ್ಟವು.

ಬೆಲೆ ಹದಿನೈದು ರೂಪಾಯಿ ಏರಿತೆಂದು ಕೇಳಿದ ರೈತ ತನ್ನ ಪಟ್ಟಿಯಲ್ಲಿ ಏಳು ರೂಪಾಯಿಯನ್ನೂ ಕಾಣದಿದ್ದಾಗ ತನಗೆ ವಂಚನೆಯಾಯಿತೆಂದು ಶಂಕಿಸುವುದು ಸಹಜ. ಪ್ರಕಟವಾದ ಅಂಕಿ ಸುಳ್ಳಲ್ಲ. ರೈತ ಕಂಡುದೂ ಸುಳ್ಳಲ್ಲ. ಎರಡರ ನಡುವಣ ಅಂತರ ತಲೆಬರಹದಲ್ಲಿ ಬರೆಯದೆ ಬಿಟ್ಟ ನಾಲ್ಕು ಮಾತುಗಳಲ್ಲಿದೆ. ಇದರ ಜೊತೆಗೆ ಈ ಬೆಲೆ ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸಿದ ಕಬ್ಬಿನದು. ಕೊಯ್ಲು ಸಾಗಾಣಿಕೆಗಳ ವೆಚ್ಚವನ್ನು ಕಳೆದ ಬೆಲೆಯೋ ಕಳೆಯದ ಬೆಲೆಯೋ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಬೆಲೆಗಳ ಸೂಚ್ಯಂಕಗಳಲ್ಲಿಯೂ ಆಧಾರ ಬಿಂದುವಿನ ಸಮಸ್ಯೆಯಿದೆ. ಸಗಟು ಬೆಲೆ ಸೂಚ್ಯಂಕದ ಆಧಾರ ವರ್ಷ ೧೯೯೩–೯೪ ಆಗಿದ್ದು, ಅನಂತರ ೨೦೦೪–೦೫ ಆಗಿ, ಮುಂದೆ ೨೦೧೧–೧೨ ಆಯಿತು. ಪ್ರತಿಯೊಂದು ಸಲವೂ ಅಂಕಿ ನೂರಕ್ಕೆ ಇಳಿಯುತ್ತದೆ, ಬೆಲೆಗಳು ಇಳಿಯುವುದಿಲ್ಲ. ೨೦೦೪–೦೫ರ ಶ್ರೇಣಿಯನ್ನು ೨೦೧೧–೧೨ರ ಶ್ರೇಣಿಗೆ ಕೂಡಿಸುವ ಗುಣಕ ೧.೫೬೧. ಹೊಸ ಶ್ರೇಣಿಯ ೧೨೦ ಹಳೆಯ ಶ್ರೇಣಿಯ ೧೮೭.೩ಕ್ಕೆ ಸಮಾನ. ಈ ಗುಣಕವನ್ನು ಬಳಸದೆ ಎರಡು ತುಂಡುಗಳನ್ನು ಹೊಂದಿಸಿದರೆ ಕಬ್ಬಿನ ಬೆಲೆಯ ಕೊಳ್ಳುವ ಶಕ್ತಿ ಆ ವರ್ಷ ಇದ್ದಕ್ಕಿದ್ದಂತೆ ಹೆಚ್ಚಿದಂತೆ ತೋರುತ್ತದೆ.

೬. ವ್ಯಾಖ್ಯೆ ಬದಲಾದಾಗ

ಜನಗಣತಿಯಿಂದ ಒಂದು ನಿದರ್ಶನವನ್ನು ಕೊಟ್ಟು ಮುಂದುವರಿಯುತ್ತೇವೆ. ೧೯೬೧ರ ಗಣತಿಯಲ್ಲಿ ಋತುಮಾನದ ಕೆಲಸಗಳಲ್ಲಿ ಹಂಗಾಮಿನ ಬಹುಭಾಗ ದಿನಕ್ಕೆ ಒಂದು ಗಂಟೆಗೂ ಮಿಗಿಲಾಗಿ ನಿಯತವಾಗಿ ದುಡಿದವರೆಲ್ಲ 'ಕೆಲಸಗಾರರು' ಎನಿಸಿದರು. ೧೯೭೧ರಲ್ಲಿ ಮುಖ್ಯ ಉದ್ಯೋಗವನ್ನು ಮಾತ್ರ ಪರಿಗಣಿಸಿದುದರಿಂದ ಮನೆಗೆಲಸದ ಜೊತೆಗೆ ಹೊಲದಲ್ಲಿ ದುಡಿಯುತ್ತಿದ್ದ ಹೆಂಗಸರು ಅಂಕಣದಿಂದ ಹೊರಗುಳಿದರು. ದೇಶದಲ್ಲಿ ಕೆಲಸಗಾರ ಸ್ತ್ರೀಯರ ಸಂಖ್ಯೆ ಸುಮಾರು ೬ ಕೋಟಿಯಿಂದ ೩ ಕೋಟಿ ಚಿಲ್ಲರೆಗೆ ಇಳಿದಂತೆ ಕಂಡಿತು. ನಾಟಿ ಮಾಡುವ, ಕಳೆ ಕೀಳುವ, ಕಬ್ಬಿನ ಸೋಗೆ ಬಿಡಿಸುವ ಕೈಗಳು ಹತ್ತು ವರ್ಷಗಳಲ್ಲಿ ಅರ್ಧಕ್ಕೆ ಇಳಿಯಲಿಲ್ಲವೆಂಬುದನ್ನು ಈ ಸೀಮೆಯಲ್ಲಿ ಯಾರಿಗೂ ಹೇಳಬೇಕಾದುದಿಲ್ಲ. ಇಳಿದದ್ದು ತಲೆಬರಹದ ವ್ಯಾಪ್ತಿ.

೭. ಓದುವ ಕ್ರಮ

ಮೇಲ್ಕಂಡ ಉದಾಹರಣೆಗಳಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ಅಂಕಿಯನ್ನು ನಕಲು ಮಾಡುವ ಮುನ್ನ ತಲೆಬರಹವನ್ನು ಪೂರ್ಣ ವಾಕ್ಯವಾಗಿ ಬಿಡಿಸಿ ಬರೆಯಬೇಕು. 'ಕಬ್ಬು, ಟನ್' ಎಂಬುದನ್ನು 'ಇಂಥ ಪ್ರದೇಶದಲ್ಲಿ, ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ, ಕೊಯ್ದ ಕಬ್ಬಿನ ತೂಕ, ಇಂಥ ಟನ್ನುಗಳಲ್ಲಿ, ಅಂತಿಮ ಅಂದಾಜಿನಂತೆ' ಎಂದು ವಿಸ್ತರಿಸಲು ತೊಡಗಿದರೆ ಯಾವ ಮಾತು ನಮಗೆ ತಿಳಿಯದೆಂಬುದು ತಾನಾಗಿಯೇ ಗೊತ್ತಾಗುತ್ತದೆ. 'ಅಂದಾಜು' ಎಂಬ ಮಾತನ್ನೂ ಬಿಡಬಾರದು. ಮೊದಲ ಅಂದಾಜು, ಪರಿಷ್ಕೃತ ಅಂದಾಜು, ಅಂತಿಮ ಅಂದಾಜು ಎಂದು ಒಂದೇ ಬೆಳೆಗೆ ಹಲವು ಅಂಕಿಗಳಿರುತ್ತವೆ. ೧೯೪೦ರ ದಶಕದಿಂದ ಬೆಳೆ ಕಟಾವಿನ ಪ್ರಯೋಗಗಳು ಹರಡಿದ ಮೇಲಿನ ಅಂದಾಜುಗಳೂ ಆಣೆವಾರಿ ಕಾಲದ ಅಂದಾಜುಗಳೂ ಒಂದೇ ಜಾತಿಯವಲ್ಲ.

ಎರಡನೆಯದಾಗಿ, ಪಕ್ಕದ ಅಂಕಣದಿಂದ ಭಾಗಿಸಿ ನೋಡಬೇಕು. ಕಾಲ್ಪನಿಕವಾಗಿ, ಒಂದು ಕೋಷ್ಟಕದಲ್ಲಿ ಕಬ್ಬಿನ ವಿಸ್ತೀರ್ಣ ೧೦,೦೦೦ ಎಕರೆ, ಉತ್ಪನ್ನ ೪೦,೦೦೦ ಟನ್ ಎಂದಿದೆಯೆನ್ನೋಣ. ಎಕರೆಗೆ ನಾಲ್ಕು ಟನ್ನಾಯಿತು. ನಾಲೆಯ ನೀರಿನ ಕಬ್ಬು ಎಕರೆಗೆ ನಾಲ್ಕು ಟನ್ ತೂಗುವುದೆಂದರೆ ನಂಬಲಾಗದು. ಎಕರೆಗೆ ನಾಲ್ಕು ಟನ್ ಬೆಲ್ಲವೆಂದರೆ ಸಾಧ್ಯ. ಆದುದರಿಂದ ಆ ಅಂಕಣ ಬೆಲ್ಲದ ಲೆಕ್ಕದ್ದೆಂದು ಊಹಿಸಿ, ಅಡಿಟಿಪ್ಪಣಿಯಲ್ಲಿ ಪುಷ್ಟಿ ಹುಡುಕಬೇಕು. ಹಾಗೆಯೇ ಸಕ್ಕರೆಯನ್ನು ಅರೆದ ಕಬ್ಬಿನಿಂದ ಭಾಗಿಸಿದರೆ ನೂರಕ್ಕೆ ಎಂಟರಿಂದ ಹನ್ನೆರಡರ ಒಳಗೆ ಬರಬೇಕು. ಬರದಿದ್ದರೆ ಎರಡರಲ್ಲಿ ಒಂದರ ಅರ್ಥ ನಾವು ತಿಳಿದಂತೆ ಇಲ್ಲ.

ಮೂರನೆಯದಾಗಿ, ಶ್ರೇಣಿಯಲ್ಲಿ ಜಿಗಿತ ಕಂಡ ಕಡೆ ಮಳೆ, ಬೆಲೆ, ತಳಿಗಳ ಕಾರಣಗಳನ್ನು ಹುಡುಕುವುದಕ್ಕೆ ಮುಂಚೆ ಆ ವರ್ಷ ಗಡಿ, ಮಾನ, ವರ್ಷಗಣನೆ, ವ್ಯಾಖ್ಯೆ, ಆಧಾರ ಬಿಂದು ಇವುಗಳಲ್ಲಿ ಯಾವುದಾದರೂ ಬದಲಾಯಿತೇ ಎಂದು ನೋಡಬೇಕು. ೧೯೩೯, ೧೯೫೬, ೧೯೫೮, ೧೯೭೧, ೨೦೦೯, ೨೦೧೮ ಮುಂತಾದ ವರ್ಷಗಳನ್ನು ನಮ್ಮ ವಿದ್ಯಾರ್ಥಿಗಳು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಉಪಕಾರವಾಗುತ್ತದೆ. ಹಳೆಯ ಲೆಕ್ಕ ಹೊಸ ಲೆಕ್ಕಗಳೆರಡೂ ದೊರೆಯುವ ವರ್ಷವೊಂದಿದ್ದರೆ ಅದರಿಂದ ಗುಣಕವನ್ನು ಪಡೆದು ಎರಡು ಭಾಗಗಳನ್ನು ಬೆಸೆಯಬಹುದು. ಅಂಥ ವರ್ಷವಿಲ್ಲದಿದ್ದರೆ ಬೆಸೆಯದೆ, ಎರಡು ಶ್ರೇಣಿಗಳೆಂದೇ ಪ್ರತ್ಯೇಕವಾಗಿ ಕೊಡುವುದು ಕ್ಷೇಮ.

ನಾಲ್ಕನೆಯದಾಗಿ, ಎಲ್ಲ ಪರೀಕ್ಷೆಗಳ ಅನಂತರವೂ ಸಂದೇಹ ಉಳಿದರೆ ಅದನ್ನು ಮುಚ್ಚಿಡಬಾರದು. ಎರಡು ಅರ್ಥಗಳನ್ನೂ ಹೇಳಿ, ಪ್ರತಿಯೊಂದರಿಂದಲೂ ಬರುವ ತೀರ್ಮಾನವನ್ನು ತೋರಿಸಬೇಕು. ಎರಡು ಅರ್ಥಗಳಲ್ಲಿಯೂ ತೀರ್ಮಾನ ಒಂದೇ ಆದರೆ ಸಂದೇಹದಿಂದ ಹಾನಿಯಿಲ್ಲ. ಬೇರೆಯಾದರೆ ಆ ತೀರ್ಮಾನವನ್ನು ಇನ್ನೂ ಪ್ರಕಟಿಸುವ ಕಾಲ ಬಂದಿಲ್ಲವೆಂದೇ ಅರ್ಥ. ಶಾಸನದ ಸವೆದ ಅಕ್ಷರವನ್ನು ಊಹಿಸಿ ಓದಿದಾಗ ಕಂಸದೊಳಗೆ ಹಾಕುವ ಶಿಸ್ತು ನಮ್ಮಲ್ಲಿ ಹಿಂದಿನಿಂದ ಇದೆ. ಅದೇ ಶಿಸ್ತನ್ನು ಅಂಕಿಗಳಿಗೂ ಅನ್ವಯಿಸಬೇಕೆಂಬುದಿಷ್ಟೇ ನಮ್ಮ ಅಭಿಪ್ರಾಯ.

೮. ಉಪಸಂಹಾರ

ಕೋಷ್ಟಕಗಳನ್ನು ಬಳಸುವ ನಾವೇ ಕೋಷ್ಟಕಗಳನ್ನು ರಚಿಸುವವರೂ ಆಗಿದ್ದೇವೆ. ಪ್ರತಿ ವರ್ಷವೂ ಕಾಲೇಜುಗಳ ವಿದ್ಯಾರ್ಥಿಗಳು ಗ್ರಾಮ ಸಮೀಕ್ಷೆಗಳನ್ನು ನಡೆಸಿ, ಅಂಕಣಗಳನ್ನು ತುಂಬಿ, 'ಆದಾಯ', 'ಇಳುವರಿ', 'ಭೂಮಿ' ಎಂದು ತಲೆಬರಹ ಕೊಟ್ಟು ಒಪ್ಪಿಸುತ್ತಾರೆ. ಆದಾಯ ಖರ್ಚು ಕಳೆದುದೋ ಕಳೆಯದುದೋ, ಇಳುವರಿ ತನಿ ಕಬ್ಬಿನದೋ ಕೂಳೆ ಕಬ್ಬಿನದೋ, ಭೂಮಿ ಸ್ವಂತದ್ದೋ ಗುತ್ತಿಗೆಯದೋ ಎಂಬುದನ್ನು ಇಂದು ಒಂದು ಸಾಲಿನಲ್ಲಿ ಬರೆದಿಡುವುದು ಸುಲಭ. ನಾಳೆ ಕಂಡುಹಿಡಿಯುವುದು ಕಷ್ಟ. ಹಳೆಯ ದಾಖಲೆಗಳ ವಿಷಯದಲ್ಲಿಯೂ ಅಷ್ಟೇ. ಆಣೆವಾರಿಯ ಲೆಕ್ಕವನ್ನೂ ಮಣದ ತೂಕವನ್ನೂ ಹಿರಿಯರ ಬಾಯಿಂದ ಕೇಳಿಬಲ್ಲವರು ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಿರುವಾಗಲೇ ಹೋಗಿ ಕೇಳಿ, ಹಳೆಯ ಕೋಷ್ಟಕಗಳ ಅಂಚಿನಲ್ಲಿ ಆ ಅರ್ಥಗಳನ್ನು ಗುರುತು ಹಾಕಿಡುವುದು ಈ ಸೀಮೆಯ ಚರಿತ್ರೆಯ ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿಯೇ ಆರಂಭಿಸಬಹುದಾದ ಕಾರ್ಯ.